ಹದ್ದೆಣಿಸುವ ಭಾವ, ಬರೆಯುವ ನಾನು

ನನ್ನ ಭಾವನವರಿಗೆ ಭೂಮಿಯ ಮೇಲೆ ಏನು ನಡೆಯುತ್ತದೆ ಎಂಬುದೇ ಗೊತ್ತಿಲ್ಲ. ಇದು ಚಾಡಿಯಲ್ಲ, ವರದಿ! ಮಾರ್ಚ್ ಬಂತೆಂದರೆ ಅವರ ಕತ್ತು ಮೇಲಕ್ಕೆ ತಿರುಗಿ ಮೇ ತಿಂಗಳ ತನಕ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಕ್ಷಿಣದಿಂದ ಉತ್ತರಕ್ಕೆ ವಲಸೆ ಹೋಗುವ ಹದ್ದು, ಗಿಡುಗ, ರಣಹದ್ದುಗಳನ್ನು ಒಂದೂ ಬಿಡದೆ ಎಣಿಸುವುದು ಅವರ ಕಾಯಕ. ಎಣಿಸಿ ಎಂದು ಯಾರೂ ಹೇಳಿಲ್ಲ, ಬೇಡ ಎಂದರೆ ಅವರು ಕೇಳುವುದಿಲ್ಲ. ನನ್ನ ಅಕ್ಕನ ಗಂಡನಾದ್ದರಿಂದ ಅವರನ್ನು ಬೈಯುವ ಹಕ್ಕು ನನಗಿದೆ.

ಒಮ್ಮೆ ಡಾಲಸ್ ಪಕ್ಕದ ಕ್ಯಾರಲ್ಟನ್‌ನ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಿದ್ದ ಭಾವ ಬಿಸಿಬೇಳೆಬಾತನ್ನು ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಓಡಿ, ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ನಿಂತರು. ಏಪ್ರಿಲ್‌ನಲ್ಲಿ, ಡಾಲಸ್‌ನಲ್ಲಿ, ಒಬ್ಬ ಮನುಷ್ಯ ಹಾಗೆ ನಿಂತರೆ ಜನ ಏನೆಂದು ತಿಳಿಯಬೇಕು? "ಟೊರ್ನೇಡೋ!" ಎಂದು ಯಾರೋ ಕಿರುಚಿದರು, ಸುಂಟರಗಾಳಿಯ ಕಾಲ ನೋಡಿ. ಮರುಕ್ಷಣ ಇಪ್ಪತ್ತು ಜನ, ಪುರೋಹಿತರು, ಪ್ರಸಾದದ ಪಾತ್ರೆ ಸಮೇತ ನಮ್ಮ ಕಿಟಕಿಯಿಲ್ಲದ ಬಾತ್‌ರೂಮಿನೊಳಗೆ! ಹತ್ತು ನಿಮಿಷ ಕಳೆದ ಮೇಲೆ ಭಾವ ಬಾಗಿಲು ತಟ್ಟಿದರು.

"ಹತ್ರ ಬಂತಾ ಅಂಕಲ್?" ಒಳಗಿನಿಂದ ನಡುಗುವ ಪ್ರಶ್ನೆ.

"ಇಲ್ಲಪ್ಪ, ತುಂಬಾ ಮೇಲೆ ಹೋದ್ವು. ಒಟ್ಟು ನಲವತ್ತೊಂದು," ಎಂದರು ಭಾವ.

ಅಕ್ಕ ಬಾತ್‌ಟಬ್ಬಿನಲ್ಲೇ ಕೂತು ನಕ್ಕೂ ನಕ್ಕೂ ಸುಸ್ತಾದಳು. ನನಗೆ ನಗು ಬರಲಿಲ್ಲ. ಮರ್ಯಾದೆ ಹೋದದ್ದು ನನ್ನ ಮನೆಯದಲ್ಲವೇ?

ಎಣಿಸುವವರು ದುರ್ಬೀನಿನಿಂದ ಕಣ್ಣು ತೆಗೆಯುವಂತಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತು ಗಂಟೆಗಂಟೆಗೂ ಬರೆಯಲು ಇನ್ನೊಬ್ಬರು ಬೇಕು. ಭಾವನ ಊರಾದ ಆಸ್ಟಿನ್ ಹತ್ತಿರ, ಲಿಯಾಂಡರ್‌ನ ಆಚೆ ಬೆಟ್ಟದ ಮೇಲೆ ಹದಿನಾಲ್ಕು ವರ್ಷ ಬರೆದವಳು ನನ್ನ ಅಕ್ಕ. ಬೆಟ್ಟ ಎನ್ನುವುದು ಭಾವನ ಮಾತು. ಚಾಮುಂಡಿ ಬೆಟ್ಟ ಹತ್ತಿದವರು ಅದನ್ನು ದಿಬ್ಬ ಎಂದಾರು. "ನಾನು ಹೋದ್ಮೇಲೆ ಅವರ ಪಕ್ಕ ಯಾರಾದ್ರೂ ಕೂತ್ಕೊಳ್ರೇ," ಎಂದು ಕಾಯಿಲೆ ಬಿದ್ದಾಗ ಹೇಳಿದ್ದಳು. ಯಾರಾದರೂ ಎಂದರೆ ಇನ್ಯಾರು? ಮೂರು ವರ್ಷಗಳಿಂದ ನಾನು ಪೆನ್ಸಿಲ್ ಹಿಡಿದಿದ್ದೇನೆ, ಹಲ್ಲು ಕಚ್ಚಿಕೊಂಡು.

ಯಾಕೆ ಹಲ್ಲು ಕಚ್ಚಬೇಕು? ಹೇಳುತ್ತೇನೆ. ಆಸ್ಟಿನ್‌ನ ಆಸ್ಪತ್ರೆಯಲ್ಲಿ ಅಕ್ಕನ ಕೊನೆಯ ದಿನ. ಡಾಲಸ್ ಬಳಿಯ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನನ್ನ ಆಫೀಸಿನಿಂದ ಎದ್ದೆನೋ ಬಿದ್ದೆನೋ ಎಂದು ಡ್ರೈವ್ ಮಾಡಿಕೊಂಡು ಮಧ್ಯಾಹ್ನ ಮೂರಕ್ಕೆ ಬಂದು ಬಾಗಿಲು ತೆರೆದೆ. ಅಕ್ಕನಿಗೆ ಆಗಲೇ ಪ್ರಜ್ಞೆ ಇರಲಿಲ್ಲ. ಭಾವ? ಅವಳಿಗೆ ಬೆನ್ನು ಹಾಕಿ, ಕಿಟಕಿಯಲ್ಲಿ, ದುರ್ಬೀನು ಕಣ್ಣಿಗೊತ್ತಿಕೊಂಡು ನಿಂತಿದ್ದರು! ಸಂಜೆ ಅಕ್ಕ ಹೋದಳು. ಆ ಬೆನ್ನನ್ನು ನಾನು ಕ್ಷಮಿಸಲಿಲ್ಲ. ಈ ವರ್ಷ ನಿರ್ಧಾರ ಮಾಡಿಯೇ ಹೊರಟೆ. ಇದ್ದದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವುದು, ಪೆನ್ಸಿಲ್ ಅವರ ಕೈಗಿಡುವುದು, ಈ ಸಂಬಂಧಕ್ಕೊಂದು ನಮಸ್ಕಾರ ಹಾಕುವುದು.

ಬೆಟ್ಟದ ಮೇಲೆ ಸುಡುಬಿಸಿಲು, ಕಾಲಿನ ತುಂಬ ಕೆಂಪಿರುವೆ, ಆಕಾಶದಲ್ಲಿ ಒಂದು ಕಾಗೆಯೂ ಇಲ್ಲ. ಹತ್ತು ಗಂಟೆಗೆ ಭಾವ ಮಡಚುವ ಕುರ್ಚಿಯಲ್ಲೇ ನಿದ್ದೆ ಹೋದರು. ನಾನು ಫೋನ್ ನೋಡುತ್ತ ಕೂತೆ, ಹನ್ನೊಂದಕ್ಕೆ ಆ ಗಂಟೆಯ ಎದುರು ಒಂದು ಸೊನ್ನೆ ಎಳೆದೆ. ಎದ್ದವರು ಲೆಕ್ಕದ ಪುಸ್ತಕ ನೋಡಿ ಕೆಂಡವಾದರು.

"ಈ ಸೊನ್ನೆ ಯಾರು ಬರ್ದಿದ್ದು?"

"ನಾನೇ. ಒಂದೂ ಬರ್ಲಿಲ್ವಲ್ಲ ಭಾವ."

"ನೀನು ನೋಡ್ತಾ ಇದ್ಯಾ?"

"ಇಲ್ಲ."

"ಮತ್ತೆ? ಸೊನ್ನೆ ಅಂದ್ರೆ ನಾವು ನೋಡ್ತಾ ಇದ್ವಿ, ಅವು ಬರ್ಲಿಲ್ಲ ಅಂತ. ನೋಡೋರೇ ಇಲ್ದಿದ್ರೆ ಖಾಲಿ ಬಿಡ್ಬೇಕು. ನಿಮ್ಮಕ್ಕ ಒಂದ್ಸಲಾನೂ ತಪ್ಪಿರ್ಲಿಲ್ಲ. ಚೀಲದಲ್ಲಿ ಅವಳ ಪುಸ್ತಕ ಇದೆ, ನೋಡಿ ಕಲ್ತ್ಕೋ!"

ನನಗೆ ಪಿತ್ತ ನೆತ್ತಿಗೇರಿತು. ನಾನು ಆಡಬೇಕಾದ ಮಾತಿಗೆ ಸಾಕ್ಷಿಯೇ ಸಿಗಲಿ ಎಂದು ಅಕ್ಕನ ಕೊನೆಯ ದಿನದ ಹಾಳೆ ಹುಡುಕಿದೆ. ಇತ್ತು! ಅವತ್ತೂ ಎಣಿಸಿದ್ದಾರೆ ಮಹಾನುಭಾವರು!

ಆದರೆ ಅಕ್ಷರ ಅಕ್ಕನದು. 'ಸ್ಥಳ: ಆಸ್ಪತ್ರೆ, ನಾಲ್ಕನೇ ಮಹಡಿ, ನನ್ನ ಕಿಟಕಿ. ಇವರು ಬೇಡವೆಂದರು, ದುರ್ಬೀನು ನಾನೇ ತರಿಸಿದೆ.' ಹತ್ತರಿಂದ ಹನ್ನೊಂದು, ಸೊನ್ನೆ. ಹನ್ನೊಂದರಿಂದ ಹನ್ನೆರಡು, ಸೊನ್ನೆ. ಹನ್ನೆರಡರಿಂದ ಒಂದು, ರಣಹದ್ದು, ಒಂದು. ಪಕ್ಕದಲ್ಲಿ ಸಣ್ಣಗೆ, 'ನನಗೋಸ್ಕರ ಬಂದಿದ್ದಲ್ಲವಂತೆ, ಆಣೆ ಮಾಡಿ ಹೇಳಿದರು.' ಒಂದರಿಂದ ಎರಡು, ಸೊನ್ನೆ. ಅದರ ತುದಿಗಳು ಕೂಡಿರಲಿಲ್ಲ.

ಎರಡರ ಮುಂದೆ ಖಾಲಿ. ಮೂರು, ನಾಲ್ಕು, ಐದು, ಎಲ್ಲ ಖಾಲಿ.

"ಭಾವ, ಅವತ್ತು ಮೂರು ಗಂಟೆಗೆ ನೀವು ಕಿಟಕೀಲಿ ನಿಂತಿದ್ರಿ. ದುರ್ಬೀನು ಹಿಡ್ಕೊಂಡಿದ್ರಿ. ನಾನೇ ನೋಡ್ದೆ. ಇಲ್ಲಿ ಖಾಲಿ ಇದೆಯಲ್ಲ?"

ಭಾವ ದುರ್ಬೀನು ಇಳಿಸಲಿಲ್ಲ.

"ನಿಂತಿದ್ದೆ ಕಣಮ್ಮ. ದುರ್ಬೀನಿನ ಗಾಜೆಲ್ಲ ಒದ್ದೆಯಾಗಿತ್ತು, ಏನೂ ಕಾಣ್ತಿರ್ಲಿಲ್ಲ. ನೋಡ್ದೇ ಹೇಗೆ ಸೊನ್ನೆ ಬರೀಲಿ?"

ಮೂರು ವರ್ಷ ಮಸೆದಿಟ್ಟಿದ್ದ ಮಾತನ್ನು ಅಕ್ಕನ ಪುಸ್ತಕದ ಜೊತೆಗೇ ಚೀಲದೊಳಗಿಟ್ಟೆ. ಅಷ್ಟರಲ್ಲಿ ಭಾವ ಕುರ್ಚಿಯಿಂದ ಜಿಗಿದು, "ಬಂದ್ವು! ಬರ್ಕೋ, ಬರ್ಕೋ!" ಎಂದು ಕೂಗಿದರು. ನನಗೆ ಹಾಳೆಯ ಗೆರೆಗಳೇ ಕಾಣುತ್ತಿರಲಿಲ್ಲ. ನಾನು ಬರೆದ ಸೊನ್ನೆಯನ್ನು ಅಳಿಸಿ ಆ ಗಂಟೆಯನ್ನು ಖಾಲಿ ಬಿಟ್ಟೆ. ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು, "ಎಷ್ಟು, ಭಾವ?" ಎಂದೆ.