ಬೇಳೆ ಬೇಯಿಸಿದ ಮೇಷ್ಟ್ರು

ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಕೆಮಿಸ್ಟ್ರಿ ಬರುತ್ತಿರಲಿಲ್ಲ. ಇದು ನಾನು ಹಬ್ಬಿಸಿದ ಸುದ್ದಿಯಲ್ಲ, ಅವರೇ ತರಗತಿಯಲ್ಲಿ ನಿಂತು ಹೇಳುತ್ತಿದ್ದದ್ದು! ಏನು ಕೇಳಿದರೂ ತಲೆ ಕೆರೆದುಕೊಂಡು, "ನಂಗೂ ಗೊತ್ತಿಲ್ಲ ನೋಡವ್ವಾ, ಹುಡುಕಿ ನಂಗೂ ಹೇಳು" ಎನ್ನುವರು. ಎಂ.ಸಿ.ಸಿ. ಬಡಾವಣೆಯ ಟ್ಯೂಷನ್ನಿಗೆ ಹೋಗುವ ಜಾಣರಿಗೆ ತಡೆಯಲಾಗಲಿಲ್ಲ. "ಈ ಸರ್‌ಗೆ ಏನೂ ಗೊತ್ತಿಲ್ಲ" ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟರು. ಮೇಷ್ಟ್ರು ಅದನ್ನು ಓದಿ, ಎರಡು ಕಾಗುಣಿತದ ತಪ್ಪು ತಿದ್ದಿ, ಕೆಳಗೆ "ನಿಜ" ಎಂದು ಬರೆದು ಸಹಿ ಹಾಕಿದರಂತೆ!

ನಾನು ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತಿದ್ದವಳು. ನಮ್ಮಲ್ಲಿ ಸಂಶೋಧನೆ ಎಂದರೆ ಸಂಜೆ ಐದರ ಮೇಲೂ ಉಳಿಯಬಲ್ಲ ನಾಲ್ಕು ಜನ ಜಾಣರ ಕೆಲಸ. ಬಸ್ಸು ಹಿಡಿಯುವವರಿಗೆ ವಿಜ್ಞಾನವೂ ಐದಕ್ಕೇ ಮುಗಿಯುತ್ತಿತ್ತು. ಪ್ರಾಕ್ಟಿಕಲ್ಲಿನಲ್ಲೂ ಅವರು ಅಳೆಯುವರು, ನಾವು ಹಿಂದೆ ನಿಂತು ಅವರ ಅಂಕಿ ಬರೆದುಕೊಳ್ಳುವೆವು. ಎರಡು ವರ್ಷದಲ್ಲಿ ನಾನು ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆ ಮುಟ್ಟಿದ್ದು ತೊಳೆಯುವಾಗ ಮಾತ್ರ! ಇಂಗ್ಲಿಷ್ ಬೇರೆ ನಾಲಿಗೆಗೆ ಹತ್ತದು. ನಾನು ದಡ್ಡಿ ಎಂದು ನನಗೆ ಖಾತ್ರಿಯಾಗಿತ್ತು. ಈ ಸೆಮಿಸ್ಟರಿಗೆ ಕಾಲೇಜು ಬಿಡುತ್ತೇನೆಂದು ಅಮ್ಮಿಗೂ ಹೇಳಿಬಿಟ್ಟಿದ್ದೆ.

ಆಗ ಮೇಷ್ಟ್ರಿಗೆ ಹೊಸ ಹುಚ್ಚು ಹಿಡಿಯಿತು. "ನಾಳೆ ಎಲ್ಲಾರೂ ನಿಮ್ಮನೆ ಕುಡಿಯೋ ನೀರು ಒಂದೊಂದು ಬಾಟ್ಲಿ ತರ್ರಿ. ತೊಗರಿಬ್ಯಾಳೆ ನಾನು ತರ್ತೀನಿ. ಯಾವ ನೀರಾಗ ಬೇಗ ಬೇಯ್ತೈತೆ, ಯಾಕ ಅಂತ ನೋಡಾಣ. ಕ್ಲಾಸಿನ ಟೈಮಿನಾಗೇ ಮಾಡಾಣ, ಕನ್ನಡದಾಗೇ ಬರೀರಿ."

"ಸರ್, ಇದು ಪರೀಕ್ಷೆಗೆ ಬರ್ತೈತಾ?" ಎಂದಿತು ಮುಂದಿನ ಬೆಂಚು.

"ಪರೀಕ್ಷೆಗೆ ಗೊತ್ತಿಲ್ಲ, ಸಾರಿಗೆ ಬರ್ತೈತೆ!"

ಲ್ಯಾಬಿನಲ್ಲಿ ಬೀಕರುಗಳು ಸಾಲಾಗಿ ಕುದಿದವು. ಎಸ್.ಎಸ್. ಬಡಾವಣೆಯ ನಲ್ಲಿ ನೀರು, ಆನಗೋಡಿನ ಬೋರಿನ ನೀರು, ನಮ್ಮ ಹರಿಹರದ ಹೊಳೆ ನೀರು. ಒಗ್ಗರಣೆಯೊಂದು ಬಾಕಿ! ವಾಸನೆ ಹಿಡಿದು ಪ್ರಿನ್ಸಿಪಾಲರು ಬಂದರು.

"ಏನ್ರಿ ಇದು? ನಿಮ್ಮ ಬ್ಯಾಳೆ ಇಲ್ಲಿ ಬೇಯಲ್ಲ, ಹೇಳಿರ್ತೀನಿ!"

"ಹೌದ್ರಿ ಸರ್, ಆನಗೋಡಿನ ನೀರಾಗಂತೂ ಬೇಯ್ತಾನೇ ಇಲ್ಲ!" ಎಂದರು ಮೇಷ್ಟ್ರು, ಬಹಳ ಗಂಭೀರವಾಗಿ.

ಇನ್ನು ನೀರಿನ ಗಡಸುತನ ಅಳೆಯಬೇಕು. ಈ ಸಲ ಹಾಜರಿ ಪುಸ್ತಕದ ಕೊನೆಯಿಂದ ಸರದಿ. ಇಂಗ್ಲಿಷಿನ ಕೊನೆಯ ಅಕ್ಷರದಲ್ಲಿ ಶುರುವಾಗುವ ಹೆಸರಿನವಳು ನಾನೇ ಮೊದಲು! ಬ್ಯೂರೆಟ್ ಹಿಡಿದು ಅಳೆದೆ. ಎಸ್.ಎಸ್. ಬಡಾವಣೆಯ ಜಾಣೆಯ ನಲ್ಲಿಗೆ ಬರುವುದೂ ಹೊಳೆಯ ನೀರೇ, ನನ್ನದೂ ಹೊಳೆಯ ನೀರೇ. ಆದರೆ ನನ್ನ ಅಂಕಿ ಅವಳದರ ಎರಡರಷ್ಟು. ತಪ್ಪು ಯಾರದಿರಬೇಕು ಹೇಳಿ? ಮೆಲ್ಲಗೆ ಅಳಿಸಿ ಅವಳ ಅಂಕಿಯನ್ನೇ ಬರೆದೆ.

ಮೇಷ್ಟ್ರು ಪುಟವನ್ನು ಬೆಳಕಿಗೆ ಹಿಡಿದರು. "ಯಾಕವ್ವಾ ಅಳಿಸಿದ್ದು?"

"ತಪ್ಪು ಬಂದಿತ್ತು ಸರ್."

"ತಪ್ಪು ಅಂತ ಯಾರಂದ್ರು? ನಂಗಂತೂ ಗೊತ್ತಿಲ್ಲ."

ಅಂದು ಸಂಜೆ ಮೇಷ್ಟ್ರು ಖಾಲಿ ಬಾಟಲಿ ಹಿಡಿದು ನನ್ನದೇ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು! ಮಗಳು ಏನು ಮಾಡಿಕೊಂಡಳೋ ಎಂದು ಅಮ್ಮಿಯ ಮುಖ ಬಿಳಿಚಿತು. "ಬರ್ರಿ ಸರ್, ಕೂಡ್ರಿ" ಎಂದಳು. ಮೇಷ್ಟ್ರು ಮಗಳ ಸುದ್ದಿಯೇ ಎತ್ತಲಿಲ್ಲ. "ತಾಯಿ, ಈ ಕೊಡದಾಗಿನ ನೀರು ಎಲ್ಲೀದು?" ಎಂದು ಕೇಳಿದರು.

"ನಲ್ಲಿ ನೀರು ದಿನಾ ಎಲ್ಲಿ ಬರ್ತೈತೆ ಸರ್? ಅರ್ಧ ಬೋರಿನ ನೀರು ಬೆರೆಸ್ತೀನಿ. ಬ್ಯಾಳೆಗೆ ಮಾತ್ರ ಬರೀ ಹೊಳೆ ನೀರು ಬ್ಯಾರೆ ಎತ್ತಿಡ್ತೀನಿ. ಬೋರಿನ ನೀರಾಗ ಬೇಯಲ್ಲ."

ಮೇಷ್ಟ್ರು ನೆಲದ ಮೇಲೆ ಕೂತು ಒಂದೊಂದು ಮಾತನ್ನೂ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀ ತಂದಿದ್ದು ಬರೀ ಹೊಳೆ ನೀರಲ್ಲ, ಬೋರಿನ ಗಡಸು ನೀರು ಬೆರೆತೈತೆ. ನಿನ್ನ ಅಂಕಿ ಸರಿ ಐತವ್ವಾ" ಎಂದರು. ಅದುವರೆಗೆ ಕಾಲೇಜಿನಲ್ಲಿ ನನ್ನದು ಯಾವುದೂ ಸರಿ ಇರಲಿಲ್ಲ. ನನಗೆ ಅಳು ಬಂತು.

ತಿಂಗಳ ಕೊನೆಗೆ ಎಲ್ಲರ ಅಂಕಿಗಳೂ ಒಂದು ದೊಡ್ಡ ಚಾರ್ಟಿನಲ್ಲಿ ಗೋಡೆಗೇರಿದವು. ಕೆಳಗೆ ಸಂಶೋಧಕರ ಹೆಸರುಗಳು. ನನ್ನ ಹೆಸರಿನ ಪಕ್ಕದಲ್ಲೇ ಅಮ್ಮಿಯ ಹೆಸರು. ಮೇಷ್ಟ್ರೇ ದುಂಡಗೆ ಬರೆದಿದ್ದರು. ಆ ಕೈಗೆ ನಾನು ಬದುಕಿರುವವರೆಗೂ ಕೃತಜ್ಞಳು.

ಓದಲು ಬಾರದ ಅಮ್ಮಿ ಅದನ್ನು ನೋಡಲೆಂದೇ ಬಸ್ಸು ಹತ್ತಿ ಬಂದಳು. "ನಂದು ಯಾವುದು?" ಎಂದಳು. ಅವಳ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. ಬಹಳ ಹೊತ್ತು ಅವಳು ಬೆರಳು ತೆಗೆಯಲಿಲ್ಲ.

"ಕಾಲೇಜು ಬಿಡಬ್ಯಾಡ ಬೇಟಾ" ಎಂದಳು.