ಗುಜರಿಗೆ ಹೋಗಬೇಕಿದ್ದ ಕಾರಿನಲ್ಲಿ ಮೂರು ದಿನ

ಹಳೆಯ ಕಾರು ಇದ್ದವನಿಗೆ ಹೇಳಿಕೊಳ್ಳಲು ಏನಾದರೂ ಒದಗುತ್ತಲೇ ಇರುತ್ತದೆ. ಹೊಸ ಕಾರಿನವರು ಸುಮ್ಮನೆ ಊರು ಮುಟ್ಟುತ್ತಾರೆ, ಅಷ್ಟೆ.

ಎಪ್ಪತ್ತರ ದಶಕದ ಮಾತು. ನಾನು ಬಿ.ಎಸ್ಸಿ. ಮುಗಿಸಿ ಬಾಗಲಕೋಟೆಯ ಮನೆಯಲ್ಲಿದ್ದೆ. ಸೋದರಮಾವ ಬಿಟ್ಟುಹೋದ ಕಾರು ಅಂಗಳದಲ್ಲಿ ನಿಂತಿತ್ತು. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ಹಿರಿಯದು. ಒಂದು ವರ್ಷ ಕೂತು ಅದರ ಒಂದೊಂದು ತಿರುಪನ್ನೂ ಬಿಚ್ಚಿ, ತೊಳೆದು, ಮತ್ತೆ ಹಾಕಿದ್ದೆ. ಅಷ್ಟರಲ್ಲಿ ಅಪ್ಪ ಗುಜರಿಯವನಿಗೆ ಮಾತು ಕೊಟ್ಟಿದ್ದರು. ನಾನು ಬೇಡಿಕೊಂಡೆ. ಅವರು ಒಂದು ಕರಾರು ಹಾಕಿದರು.

"ಬಾದಾಮಿ, ಹುನಗುಂದ, ಇಳಕಲ್ ಒಂದ ಸುತ್ತ ಹಾಕ್ಕೊಂಡ ಬಾ. ಒಬ್ಬಾಂವನ ಹೋಗು. ಮೂರ ದಿನದಾಗ ತನ್ನ ಗಾಲಿ ಮ್ಯಾಲೆ ಬಂತಂದ್ರ ಇಟ್ಕೋ. ಎತ್ತು ಎಳಕೊಂಡ ಬಂದ್ವಂದ್ರ, ಹಂಗ ಸೀದಾ ಗುಜರಿಗೆ ಎಳಕೊಂಡ ಹೋಗ್ಲಿ."

"ಮಂದಿ ದೂಡಿದ್ರ?"

"ದೂಡೂದು ಲೆಕ್ಕಕ್ಕಿಲ್ಲ. ದೂಡದ ಅದು ನಮ್ಮ ಓಣಿನ ದಾಟಿಲ್ಲ."

ಒಂದು ನೋಟ್‌ಬುಕ್ಕು, ಎರಡು ಕೊಡ ನೀರು ಇಟ್ಟುಕೊಂಡು ಹೊರಟೆ.

ಜ್ವರ

ಬಾದಾಮಿ ಇನ್ನೂ ಆರೇಳು ಮೈಲಿ ಇರುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಗಾಬರಿಯಲ್ಲಿ ಇಳಿದು ಕೊಡ ಎತ್ತಿದೆ. ಪಕ್ಕದ ಹೊಲದಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದರು.

"ಏನ ಮಾಡ್ತಿ ತಮ್ಮಾ? ಕಾದ ಮೈಗೆ ತಣ್ಣೀರ ಹಾಕಿದ್ರ ಉಳದೀತ?"

ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಅದನ್ನು ನಾನು ಪರೀಕ್ಷೆಯಲ್ಲಿ ಚಿತ್ರಸಮೇತ ಬರೆದಿದ್ದೆ. ಅವರು ಯಾವ ಪರೀಕ್ಷೆಗೂ ಕೂತವರಲ್ಲ.

ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ಮೇಲೆ ಅಂಗೈ ಇಟ್ಟು ನೋಡಿದರು. "ಜ್ವರ ಭಾಳ ಬಂದಾವು. ನೆಳ್ಳಿಗಿ ನಿಂದರಸು. ಬಾಯಿ ತಗದ ಇಡು."

ಇಬ್ಬರೂ ದೂಡಿ ಬೇವಿನ ನೆರಳಿಗೆ ನಿಲ್ಲಿಸಿದೆವು. ನಾನು ಬಾನೆಟ್ಟು ತೆಗೆದಿಟ್ಟೆ. ಅರ್ಧ ತಾಸಿನ ಮೇಲೆ ಮತ್ತೆ ಮುಟ್ಟಿ ನೋಡಿ, "ಈಗ ಕುಡಸು. ಸಾವಕಾಶ," ಎಂದರು. ಕೊನೆಗೆ ಸೊಂಟದ ಚೀಲದಿಂದ ಬೀರಪ್ಪ ದೇವರ ಭಂಡಾರದ ಅರಿಶಿನ ತೆಗೆದು ಬಾನೆಟ್ಟಿಗೆ ಹಚ್ಚಿದರು.

ಯಾವತ್ತೂ ದೂಡಿಸಿಕೊಳ್ಳದೆ ಹೊರಡದ ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

ನೋಟ್‌ಬುಕ್ಕಿನಲ್ಲಿ ಬರೆದೆ: "ಕಾರಣ: ಉಷ್ಣಾಂಶ ಇಳಿದದ್ದು." ಆದರೆ ಮೂರು ದಿನವೂ ಆ ಹಳದಿಯನ್ನು ಒರೆಸಲಿಲ್ಲ. ಪ್ರಯೋಗ ನಡೆದಿರುವಾಗ ಮಧ್ಯದಲ್ಲಿ ಏನನ್ನೂ ಬದಲಾಯಿಸಬಾರದು.

ಎರಡು ವಯಸ್ಸು

ಮರುದಿನ ಬೆಳಿಗ್ಗೆ ಪಟ್ಟದಕಲ್ಲು. ಗುಡಿಯ ಗೋಡೆಯ ಎರಡು ಕಲ್ಲುಗಳ ನಡುವೆ ಒಂದು ಕಾಗದದ ಅಂಚು ತೂರಿಸಲು ನೋಡಿದೆ. ಹೋಗಲಿಲ್ಲ. ಇನ್ನೊಂದು ಕಡೆ ನೋಡಿದೆ. ಅಲ್ಲೂ ಹೋಗಲಿಲ್ಲ. ಹೀಗೆ ಒಂದು ತಾಸು ಕಳೆದೆ. ಯಂತ್ರವಿಲ್ಲದೆ ಇದನ್ನು ಮಾಡಿದ ಕೈಗಳನ್ನು ನೆನೆದು ಏನು ಬರೆಯಬೇಕೋ ತಿಳಿಯದೆ ನೋಟ್‌ಬುಕ್ಕು ಮುಚ್ಚಿದೆ.

ಹೊರಗೆ ಬಂದರೆ ಕಾರು ಮಾತಾಡಲೊಲ್ಲದು. ನಾಲ್ಕು ಜನ ಸೇರಿ ದೂಡತೊಡಗಿದರು. ಅಲ್ಲೇ ಬುಟ್ಟಿ ಇಟ್ಟುಕೊಂಡು ಪೇರಲ ಮಾರುತ್ತಿದ್ದ ಮುದುಕಿಯೊಬ್ಬಳು ಕೇಳಿದಳು:

"ತಮ್ಮಾ, ಈ ಗುಡಿಗಿ ಎಷ್ಟ ವರ್ಸ ಆದಾವು?"

"ಸಾವಿರದ ಎರಡ್ನೂರರ ಮ್ಯಾಲೆ ಅಂತಾರ, ಆಯಿ."

"ನಿನ್ನ ಗಾಡಿಗಿ?"

"ಮೂವತ್ತ."

ಮುದುಕಿ ಗುಡಿಯನ್ನು ನೋಡಿದಳು. ಕಾರನ್ನು ನೋಡಿದಳು. "ಅದು ಒಂದ ದಿನಾನೂ ದೂಡ್ರಿ ಅಂದಿಲ್ಲ ನೋಡು."

ದೂಡುತ್ತಿದ್ದವರು ನಗುತ್ತ ಕೈ ಬಿಟ್ಟರು. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಒಬ್ಬನೇ

ಅಮೀನಗಡದ ಹತ್ತಿರ ಬಸ್ಸು ತಪ್ಪಿಸಿಕೊಂಡ ಮೂವರು ಹೆಂಗಸರು ಕೈ ಮಾಡಿದರು. ಹುನಗುಂದಕ್ಕೆ ಹೋಗುವವರು. ನಾನು ಹೂಂ ಅನ್ನುವಷ್ಟರಲ್ಲಿ ಗಂಟುಗಳ ಸಮೇತ ಹಿಂದೆ ಕೂತಿದ್ದರು.

"ಉಳದವ್ರು ಎಲ್ಲೆದಾರ?" ಹಿರಿಯಾಕೆ ಕೇಳಿದಳು.

"ಯಾರೂ ಇಲ್ರಿ. ನಾ ಒಬ್ಬನ."

"ಯಾರರ ತೀರಿಕೊಂಡಾರೇನು?"

"ಇಲ್ರಿ."

"ಕನ್ಯಾ ನೋಡಾಕ?"

"ಇಲ್ರಿ. ಸುಮ್ಮ ಊರ ನೋಡ್ಕೋತ ಹೊಂಟೇನಿ."

ಸತ್ತವರಿಲ್ಲ, ಕನ್ಯೆಯಿಲ್ಲ, ಇಷ್ಟು ದೊಡ್ಡ ಗಾಡಿಯಲ್ಲಿ ಒಬ್ಬನೇ. ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಪಿಸುಪಿಸು ನಡೆಯಿತು. ಹುನಗುಂದದಲ್ಲಿ ಇಳಿದ ಮೇಲೆ ಹಿರಿಯಾಕೆ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟು ತಲೆ ಸವರಿದಳು.

"ಮನಿ ಅಂದಮ್ಯಾಲ ಒಂದ ಮಾತ ಬರ್ತೈತಿ, ಹೋಗ್ತೈತಿ. ಉಂಡು ಸೀದಾ ಮನಿಗಿ ಹೋಗು. ನಿಮ್ಮಪ್ಪ ಬಾಗಲಾ ತಗೀಲಿಲ್ಲಂದ್ರ ನನ್ನ ಹೆಸರ ಹೇಳು."

ಹೆಸರು ಮಾತ್ರ ಹೇಳದೆ ಹೋದಳು.

ಸೆರಗು

ಮೂರನೆಯ ದಿನ ಬೆಳಿಗ್ಗೆ ಇಳಕಲ್ಲಿನಿಂದ ಹೊರಟೆ. ನೇಕಾರರ ಓಣಿ ದಾಟುವುದರೊಳಗೆ ಫ್ಯಾನಿನ ಬೆಲ್ಟು ಹರಿಯಿತು. ಬೆಲ್ಟಿಲ್ಲದೆ ನಾಲ್ಕು ಮೈಲಿ ಓಡಿಸಿದರೂ ಇಂಜಿನ್ ಸುಡುತ್ತದೆ. ಪೇಟೆಗೆ ನಡೆದು ಹೋಗಿ ಕೇಳಿದರೆ ಬಿಡಿಭಾಗದ ಅಂಗಡಿಯವನು, "ಈ ಅಳತಿದು ಹುಬ್ಬಳ್ಳಿಂದ ತರಸಬೇಕ್ರಿ, ಎರಡ ದಿನ ಆಕ್ಕೈತಿ," ಎಂದ. ನನಗಿದ್ದದ್ದು ಸಂಜೆಯವರೆಗಿನ ಸಮಯ.

ವಾಪಸು ಬಂದು ನೋಡಿದರೆ ಒಬ್ಬ ರೈತ ತನ್ನ ಬಂಡಿಯ ಎತ್ತುಗಳನ್ನು ಬಿಚ್ಚಿ ನನ್ನ ಕಾರಿನ ಮುಂದೆ ತಂದಿದ್ದಾನೆ. ಕೈಯಲ್ಲಿ ಸರಪಳಿ.

"ನಿಮ್ಮ ಕಾಲ ಬೀಳ್ತೇನ್ರಿ, ಎತ್ತು ಬ್ಯಾಡ," ಎಂದೆ. ಕಾರಣ ಹೇಳಿದೆ. ಓಣಿಯೆಲ್ಲ ನಕ್ಕಿತು.

ಮಗ್ಗದ ಮನೆಯ ಬಾಗಿಲಲ್ಲಿ ನಿಂತಿದ್ದ ಒಬ್ಬ ಅಕ್ಕ ನಗಲಿಲ್ಲ. "ಹರದದ್ದ ತೋರಸು," ಎಂದಳು. ತುಂಡನ್ನು ಬೆರಳಲ್ಲಿ ಹೊರಳಿಸಿ ನೋಡಿ ಒಳಗೆ ಹೋದಳು. ನೇಯ್ದು ಉಳಿದ ಕೆಂಪು ರೇಷ್ಮೆ ನೂಲಿನ ದೊಡ್ಡ ಲಡಿ ತಂದು, ಹೆಬ್ಬೆರಳು ದಪ್ಪ ಹೆಣೆದು, ಬಾನೆಟ್ಟಿನೊಳಗೆ ಬಗ್ಗಿ ಬೆಲ್ಟು ಕೂರುವ ಪುಟ್ಟ ಗಾಲಿಗಳಿಗೆ ಸುತ್ತಿದಳು.

"ಗಂಟು ಬಿಗಿ ಹಾಕ್ರಿ," ಎಂದೆ.

"ಗಂಟ ಹಾಕಿದ್ರ ಗಾಲಿ ಮ್ಯಾಲೆ ಎಗರತೈತಿ. ಸುಮ್ಮ ನಿಂದ್ರು."

ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ಸೇರಿಸಿ ಕೂಡಿಸುತ್ತಾರೆ. ಆಕೆ ಬೆಲ್ಟಿನ ಎರಡು ತುದಿಗಳನ್ನು ಹಾಗೆಯೇ ಕೂಡಿಸಿದಳು, ಎಳೆ ಎಳೆಯಾಗಿ. ಬೆರಳುಗಳ ವೇಗಕ್ಕೆ ನನ್ನ ಕಣ್ಣು ಸೋತಿತು.

"ಕಾವು ತಡೀತೈತ್ರಿ?"

"ಹೆಣ್ಮಕ್ಕಳು ದಿನಾ ಇದನ್ನ ಉಟ್ಕೊಂಡ ಒಲಿ ಮುಂದ ಕುಂದರ್ತಾರ. ಸೆರಗ ಕಳಚಿ ಬಿದ್ದದ್ದು ಕೇಳೀಯೇನು?"

ನಾನು ವೇಗ, ಎಳೆತ, ಘರ್ಷಣೆ ಎಲ್ಲ ಹಾಕಿ ಲೆಕ್ಕ ಮಾಡಿದೆ. ಐದು ಮೈಲಿ ಬಂತು. ಐದು ಮೈಲಿಗೆ ಇಳಿದು ನೋಡಿದೆ. ಇತ್ತು. ಹುನಗುಂದದಲ್ಲಿ ನೋಡಿದೆ. ಅಂಚು ಎಳೆ ಬಿಟ್ಟಿತ್ತು, ಕೂಡಿಸಿದ ಜಾಗ ಹಾಗೇ ಇತ್ತು. ಅಲ್ಲಿಂದ ಮುಂದೆ ಲೆಕ್ಕ ಬಿಟ್ಟು ಮೆಲ್ಲಗೆ ಓಡಿಸಿದೆ, ದೇವರ ಮನೆಯಲ್ಲಿ ನಡೆದ ಹಾಗೆ.

ಹೊತ್ತು ಮುಳುಗುವ ಮುಂಚೆ ಕಾರು ತನ್ನ ಗಾಲಿಗಳ ಮೇಲೆಯೇ ಅಂಗಳಕ್ಕೆ ಬಂತು. ಅಪ್ಪ ನಂಬಲಿಲ್ಲ. ಎಳೆದು ತಂದ ಸರಪಳಿಯ ಗುರುತನ್ನು ಮುಂದೆಲ್ಲ ಹುಡುಕಿ, ಕೊನೆಗೆ ಬಾನೆಟ್ಟು ಎತ್ತಿಸಿದರು. ಒಳಗೆ ಎಣ್ಣೆ, ಮಸಿ, ನಟ್ಟ ನಡುವೆ ಕೆಂಪು ರೇಷ್ಮೆ. ನಾನು ನಡೆದದ್ದು ಹೇಳಿದೆ. ಅಪ್ಪ ಬಗ್ಗಿ ಆ ಹೆಣಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

ಅವ್ವ ಹಿಂದಿನಿಂದ ಇಣುಕಿದಳು. "ಇಳಕಲ್ಲಿಗೆ ಹೋಗಿ ಗಾಡಿಗಿ ರೇಷ್ಮಿ ತಂದಿ. ಹಡದಾಕಿಗೆ ಒಂದ ಕುಬಸಾನೂ ಇಲ್ಲ."

ಅಪ್ಪ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದರು. "ಇರ್ಲಿ ಬಿಡು. ಸೀರಿ ಉಟ್ಟು ಮನಿಗಿ ಬಂದಾಕಿನ್ನ ಗುಜರಿಗೆ ಹೆಂಗ ಕಳಸೂದು?"