ಏಳನೆಯ ಲೋಟದ ರಹಸ್ಯ

ಹನ್ನೆರಡು ಕಥೆಗಳಲ್ಲಿ ಹನ್ನೊಂದನ್ನು ಆಕೆ ನಿಂತೇ ಓದಿದ್ದಳು. ಹಾಲು ಉಕ್ಕುವ ಮೊದಲು ಎರಡು ಪುಟ, ವಾಷಿಂಗ್ ಮಷಿನ್ ಗುಡುಗಿ ನಿಲ್ಲುವ ಮೊದಲು ಮೂರು. ಗ್ರಂಥಾಲಯದಿಂದ ತಂದ ಹಳೇ ಕಾಲದ ಇಂಗ್ಲಿಷ್ ಪತ್ತೇದಾರಿ ಕಥೆಗಳ ಸಂಕಲನ ಅದು. ಎಂಥ ಮನೆಗಳು! ಹೆಣ ಬಿದ್ದ ದಿನವೂ ನಾಲ್ಕು ಗಂಟೆಗೆ ಸರಿಯಾಗಿ ಟೀ ಬರುತ್ತಿತ್ತು. (ಪಾತ್ರೆ ತೊಳೆದವರು ಯಾರೆಂದು ಮಾತ್ರ ಯಾವ ಪತ್ತೇದಾರನೂ ಪತ್ತೆ ಹಚ್ಚಿರಲಿಲ್ಲ.)

ಪುಸ್ತಕವನ್ನು ನಾಳೆ ಹಿಂದಿರುಗಿಸಬೇಕು. ಉಳಿದದ್ದು ಕೊನೆಯ ಕಥೆ. ಭಾನುವಾರವಾದ್ದರಿಂದ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ರಜೆ. ಈ ಒಂದು ಕಥೆಯನ್ನಾದರೂ ಕೂತು ಓದಬೇಕೆಂದರೆ, ಕುಡಿದಿಟ್ಟ ಟೀ ಲೋಟಗಳು ಕಿಟಕಿಯ ಮೇಲೆ, ಮಂಚದ ಕೆಳಗೆ, ಟಿವಿಯ ಹಿಂದೆ ಅವಳ ದಾರಿ ಕಾಯುತ್ತಿದ್ದವು. ಕೇಳಿದರೆ ಎಲ್ಲರದೂ ಒಂದೇ ಪಲ್ಲವಿ: "ನಾನಲ್ಲಪ್ಪ!"

ಬೇಸತ್ತ ಆಕೆ ಪುಸ್ತಕದ ಪದ್ಧತಿಯನ್ನೇ ಹಿಡಿದಳು. ಗಂಡ, ಅತ್ತೆ, ಮಗಳು ಮೂವರನ್ನೂ ಹಜಾರದಲ್ಲಿ ಕೂರಿಸಿ, ಆರು ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಯಾರದು ಅತಿ ದೊಡ್ಡ ತಪ್ಪೋ, ಇವತ್ತಿನ ಪಾತ್ರೆಯೆಲ್ಲ ಅವರೇ ತೊಳೀಬೇಕು. ಒಪ್ಪಿಗೆನಾ?"

ಸಾಕ್ಷಿಯೇ ಇಲ್ಲವೆಂಬ ಧೈರ್ಯದಲ್ಲಿ ಮೂವರೂ ಒಪ್ಪಿದರು.

"ತಳದಲ್ಲಿ ಬಿಸ್ಕತ್ತಿನ ಕೆಸರು. ಈ ಮನೇಲಿ ಬಿಸ್ಕತ್ತು ಅದ್ದಿ ಮುಳುಗಿಸೋರು ಒಬ್ಬರೇ. ಈ ಮೂರೂ ನಿಮ್ಮವು ರೀ. ಇವುಗಳೊಳಗೆ ಪೆನ್ಸಿಲ್ ಹೆರೆದ ಸಿಪ್ಪೆ. ಮಗಳೇ, ಈ ಎರಡು ನಿನ್ನವು. ಕೆಮ್ಮಿನ ಮಾತ್ರೆಯ ಕಾಗದ ತುರುಕಿರೋದು…"

"ನಂದೇ ಕಣಮ್ಮ," ಎಂದರು ಅತ್ತೆ.

ಮಗಳು ಚಪ್ಪಾಳೆ ತಟ್ಟಿದಳು. ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. ಆಕೆಯ ಕಣ್ಣ ಮುಂದೆ ಆರಾಮಕುರ್ಚಿ ತೇಲಿಬಂತು.

"ಮೂರು ಲೋಟ! ಏಳಿ, ಅಂಗಿಯ ತೋಳು ಮೇಲೇರಿಸಿಕೊಳ್ಳಿ."

"ಇರೇ, ಇನ್ನೂ ಶೋಧನೆ ಮುಗಿದಿಲ್ಲ!" ಗಂಡ ಅಡುಗೆಮನೆಗೆ ಓಡಿದ. (ಈ ವರ್ಷದಲ್ಲಿ ಇದೇ ಮೊದಲು.) ಹಿಟ್ಟಿನ ಡಬ್ಬಿಯ ಹಿಂದಿನಿಂದ ಏಳನೆಯ ಲೋಟವನ್ನು ಎತ್ತಿಕೊಂಡು ಬಂದ. ತುಂಬಿದ ಲೋಟ. ಮೇಲೆ ದಪ್ಪ ಕೆನೆ.

"ನಾವು ಕುಡಿದಾದ್ರೂ ಇಟ್ವಿ. ಇಷ್ಟು ಟೀ ದಂಡ ಮಾಡಿದೋರು ಯಾರು?"

ಆಕೆಗೆ ನೆನಪಾಯಿತು. "ಬೆಳಿಗ್ಗೆ ಒಂದು ಗುಟುಕು ಕುಡಿಯೋದರೊಳಗೆ ಕನ್ನಡಕ ಹುಡುಕಿಕೊಡು ಅಂತ ನೀವೇ ಕೂಗಿದಿರಲ್ಲ! ಆಮೇಲೆ ಅತ್ತೆಗೆ ಬಿಸಿನೀರು, ಇವಳ ಜಡೆ…"

"ಸಿಕ್ಕಿಬಿದ್ದೋರೆಲ್ಲ ಹೀಗೇ ಕಣೇ, ಬೇರೆಯವರ ಮೇಲೆ ಹಾಕೋದು!"

"ತುಂಬಿದ ಲೋಟ ಅಂದ್ರೆ ದೊಡ್ಡ ತಪ್ಪೇ," ಅತ್ತೆ ಮೆಲ್ಲಗೆ ತೀರ್ಪಿತ್ತರು.

ಮೂರು ಮತ, ಒಬ್ಬಳೇ ಅಪರಾಧಿ. ಏಳೂ ಲೋಟಗಳನ್ನು ಹೊತ್ತು ಆಕೆ ನಲ್ಲಿಯ ಮುಂದೆ ನಿಂತಳು. ಗೆದ್ದ ಗಂಡನಿಗೆ ಕನಿಕರ ಉಕ್ಕಿತು. ಆರಾಮಕುರ್ಚಿಯಲ್ಲಿ ಕಾಲು ಚಾಚಿ ಪುಸ್ತಕ ತೆರೆದ.

"ಪಾಪ, ನಿನಗೆಲ್ಲಿ ಟೈಮು? ಆ ಕೊನೇ ಕಥೆ ನಾನೇ ಓದಿ ಹೇಳ್ತೀನಿ ಬಿಡು."

ಪರವಾಗಿಲ್ಲ, ಮನುಷ್ಯ ಒಳ್ಳೆಯವನೇ ಎಂದುಕೊಂಡು ಆಕೆ ನಲ್ಲಿಯ ಸದ್ದು ತಗ್ಗಿಸಿ ಕಿವಿಗೊಟ್ಟಳು. ಪುಟಗಳು ಸರಸರನೆ ಮಗುಚಿದ ಸದ್ದು.

"ಡಾಕ್ಟ್ರು ಕಣೇ! ವಿಷ ಹಾಕಿದ್ದು ಡಾಕ್ಟ್ರೇ! ಮುಗೀತಲ್ಲ, ಇನ್ನು ಪುಸ್ತಕ ವಾಪಸ್ ಕೊಟ್ಟುಬಿಡು."